ಎದುರು ನಿಲ್ಲುವವಳು

ನನ್ನ ಸೊಸೆ ಕಸ್ತೂರಿಗೆ ಹೊಳೆಯಾಚೆ ಓಡುವ ರೈಲು ಕಾಣುತ್ತಿತ್ತು, ಮನೆ ಬಾಗಿಲ ಮುಂದಿನ ನಲ್ಲಿ ಕಾಣುತ್ತಿರಲಿಲ್ಲ. ಪರವೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ಅವರ ಊರುಗಳಲ್ಲಿ ಮತದಾನದ ದಿನ ಕಂಬಳಿ ಹೊದ್ದು ಮಲಗಿದವನಿಗೂ ಬೀದಿ ದೀಪ ಉರಿಯುತ್ತದಂತೆ. ನಮ್ಮೂರಲ್ಲಿ ಆ ಸುಖವಿಲ್ಲ. ಯಾವ ಚುನಾವಣೆಯಲ್ಲಿ ಮತ ಹಾಕಿದ್ದೀರೋ ಆ ಚುನಾವಣೆಯ ಸೊತ್ತು ಮಾತ್ರ ನಿಮಗೆ ಉಂಟು. ದೇಶದ ಚುನಾವಣೆಗೆ ತೋರುಬೆರಳಿಗೆ ಮಸಿ ಹಚ್ಚುತ್ತಾರೆ, ಅದಿದ್ದವರಿಗೆ ರೈಲು, ಅಂಚೆ ಡಬ್ಬಿ. ನಾಡಿನ ಚುನಾವಣೆಗೆ ನಡುಬೆರಳು, ಅದಕ್ಕೆ ಬಸ್ಸು, ಹೈಸ್ಕೂಲು. ಪಟ್ಟಣದ ಚುನಾವಣೆಗೆ ಉಂಗುರದ ಬೆರಳು, ಅದಿದ್ದರೆ ಸಂತೆಯ ಮಳಿಗೆ, ಹೊಳೆಯ ಸೇತುವೆ. ಕೊನೆಯದು ಓಣಿಯ ಚುನಾವಣೆ, ಅದಕ್ಕೆ ಕಿರುಬೆರಳು. ಬೀದಿ ದೀಪ, ನಲ್ಲಿ, ಚರಂಡಿಯ ಮೇಲಿನ ಹಾಸುಗಲ್ಲು, ಓಣಿ ತುದಿಯ ಹೆರಿಗೆ ಆಸ್ಪತ್ರೆ, ಎಲ್ಲ ಆ ಪುಟ್ಟ ಬೆರಳಿನ ಮೇಲಿನ ಮಸಿಗೆ ಸೇರಿದ್ದು. ನೀವು ಹಾಕಿದವರು ಗೆಲ್ಲಲಿ, ಸೋಲಲಿ, ಅದು ಮುಖ್ಯವಲ್ಲ. ಹಾಕಿರಬೇಕು, ಅಷ್ಟೇ.

ಇದಕ್ಕೆ ಹೊಂದಿಕೊಂಡು ನಾವು ಬದುಕುತ್ತೇವೆ. ನಮ್ಮ ಓಣಿಯ ವಕೀಲ ಅಡಿವೆಪ್ಪನವರು ದೇಶದ ಚುನಾವಣೆಯನ್ನೂ ನಾಡಿನ ಚುನಾವಣೆಯನ್ನೂ ಒಂದು ಸಲವೂ ತಪ್ಪಿಸಿದವರಲ್ಲ. ಓಣಿಯ ಚುನಾವಣೆ ಎಂದರೆ ಮಾತ್ರ ಮೂಗು ಮುರಿಯುತ್ತಾರೆ. ಹೆಂಗಸರ ಜಗಳಕ್ಕೆ ಒಂದು ಪೆಟ್ಟಿಗೆ ಬೇರೆ ಕೇಡು ಎನ್ನುತ್ತಾರೆ. ಸಂಜೆಯಾದರೆ ಸಾಲು ದೀಪಗಳ ಬೆಳಕಿನ ನಡುವೆ ಕೈಯಲ್ಲಿ ಬ್ಯಾಟರಿ ಹಿಡಿದು ತಡವರಿಸುತ್ತಾ ಬರುತ್ತಾರೆ. ಚರಂಡಿ ಹತ್ತಿರವಾದಾಗ ಮನೆಮನೆಯಿಂದ "ವಕೀಲ್ರ, ಎಡಕ್ಕ! ಎಡಕ್ಕ!" ಎಂದು ಕೂಗಬೇಕು. ಎಲ್ಲರಿಗೂ ಕಲ್ಲು ಹಾಸಿದ ಜಾಗದಲ್ಲಿ ಅವರ ಕಾಲು ಮೊಣಕಾಲುದ್ದ ಇಳಿದುಬಿಡುತ್ತದೆ. ಪಂಚೆ ಹಿಂಡಿಕೊಳ್ಳುತ್ತಲೇ ದೇಶದ ಹಣಕಾಸಿನ ಬಗ್ಗೆ ಮಾತಾಡುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಹಟ.

ನಾನು ಬಾಳವ್ವ, ಆ ಹೆಂಗಸರ ಜಗಳದಲ್ಲಿ ಪ್ರತಿ ಸಲ ಗೆದ್ದವಳು. ಓಣಿಯ ಸದಸ್ಯೆ. ನನ್ನ ಗಂಡ ತೀರಿದ ಮೇಲೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಖುರ್ಚಿ. ದೀಪ ಕೆಟ್ಟರೆ ಬಾಳವ್ವ, ನಲ್ಲಿ ಸೋರಿದರೆ ಬಾಳವ್ವ, ನಾದಿನಿ ಅತ್ತಿಗೆ ಮುನಿಸಿಕೊಂಡರೂ ಬಾಳವ್ವ. ಬೆಳಗಾದರೆ ಯಾರಾದರೊಬ್ಬರು ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನನಗೆ ಅದು ಬೇಕಿತ್ತು. ಬೇಡವಾಗಿತ್ತು ಎಂದು ನಾಚಿಕೆಪಟ್ಟು ಹೇಳುವವಳು ನಾನಲ್ಲ.

ಮಗ ಬಸಲಿಂಗನಿಗೆ ಹೆಣ್ಣು ತಂದದ್ದು ಹೊಳೆಯಾಚೆಯಿಂದ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಸ್ತೂರಿ ನೀರಲ್ಲಿ ನಡೆದೇ ಈಚೆ ದಾಟಿದಳು. ನಾವೆಲ್ಲ ಅವಳ ಪಕ್ಕದಲ್ಲೇ ಸೇತುವೆಯ ಮೇಲೆ ಅವಳ ವೇಗಕ್ಕೆ ಸರಿಯಾಗಿ ನಡೆಯುತ್ತಿದ್ದೆವು. ಅವಳು ಬರುವ ಹೊತ್ತಿಗೆ ಓಣಿಯ ಚುನಾವಣೆಯೂ ಪಟ್ಟಣದ ಚುನಾವಣೆಯೂ ಮುಗಿದಿದ್ದವು. ಬಂದ ಮೇಲೆ ನಾಡಿನದು ನಡೆಯಿತು, ಆಮೇಲೆ ದೇಶದ್ದು ನಡೆಯಿತು. ಎರಡರಲ್ಲೂ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಳು. ಎರಡು ಬೆರಳಿನ ಮಸಿಯನ್ನು ಬಳೆ ತೋರಿಸಿದ ಹಾಗೆ ತೋರಿಸುತ್ತಿದ್ದಳು. ಆದರೆ ದಿನ ಬೆಳಗಾದರೆ ಬೇಕಾಗುವುದು ರೈಲಲ್ಲ. ನಾನು ನಲ್ಲಿಯಿಂದ ತುಂಬಿ ತಂದ ಕೊಡ ಅವಳ ಪಾಲಿಗೆ ಖಾಲಿ. ಅವಳಿಗಾಗಿ ಬಸಲಿಂಗ ಹಿತ್ತಲ ಬಾವಿಯಿಂದ ಸೇದಿ ಕೊಡುತ್ತಿದ್ದ. ಸಂಜೆ ಹೊರಗೆ ಹೊರಟರೆ ನಾನು ಅವಳ ಕೈ ಹಿಡಿದು, "ಇಲ್ಲಿ ದಾಟು, ಇಲ್ಲಿ ನೆಗಿ" ಎಂದು ಹೇಳುತ್ತಿದ್ದೆ. ಮುಂದಿನ ಓಣಿ ಚುನಾವಣೆಗೆ ಇನ್ನೂ ಎರಡು ಮಳೆಗಾಲ ಕಳೆಯಬೇಕಿತ್ತು. ಕಳೆದರಾಯಿತು ಎಂದುಕೊಂಡಿದ್ದೆವು.

ಅಷ್ಟರಲ್ಲಿ ಅವಳು ಬಸುರಾದಳು. ಏಳು ತುಂಬುವಾಗ ಕಾಲು ಬಾತವು, ಆಮೇಲೆ ಮುಖವೂ ಊದಿಕೊಂಡಿತು. ಓಣಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಅವಳ ಕೈ ಜಗ್ಗಿದೆ.

"ಅತ್ತಿ, ಜಗ್ಗಬ್ಯಾಡ್ರಿ. ಇಲ್ಲಿ ಬರೇ ಜಾಲಿಗಿಡ ಅದಾವ್ರಿ" ಎಂದಳು. ಅವಳ ಸೀರೆ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮುಂಗೈಯಿಂದ ರಕ್ತ ಬರುತ್ತಿತ್ತು. ನನಗೆ ಕಂಡದ್ದು ಸುಣ್ಣ ಬಳಿದ ಗೋಡೆ ಮಾತ್ರ.

ನರ್ಸಬಾಯಿ ತಾವೇ ಮನೆಗೆ ಬಂದರು. ಮನುಷ್ಯರೇನೋ ಅವಳಿಗೆ ಕಾಣುತ್ತಾರೆ, ಆಸ್ಪತ್ರೆಯ ಸಾಮಾನು ಸಿಗುವುದಿಲ್ಲ. ಬಿ.ಪಿ. ನೋಡುವ ಪಟ್ಟಿ ಅವಳ ತೋಳಿನಲ್ಲಿ ನಿಲ್ಲದೆ ಹಾಸಿಗೆಯ ಮೇಲೆ ಬಿತ್ತು. ನರ್ಸಬಾಯಿ ಬೆರಳಿನಿಂದ ಕಾಲು ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಸರಿಸಿ ನೋಡಿದರು, ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದರು.

"ಬಾಳವ್ವಾರ, ಇಕೀಗೆ ಮನ್ಯಾಗ ಹೆರಿಗಿ ಬ್ಯಾಡ. ಬ್ಯಾನಿ ಬಂದಾಗ ಸಲಾಯಿನ್ ಹಚ್ಚಬೇಕಾಕ್ಕೈತಿ, ಇಂಜೆಕ್ಷನ್ ಬೇಕಾಕ್ಕೈತಿ. ಬರೇ ಕೈಲೇ ನಾ ಏನು ಮಾಡ್ಲಿ? ತಾಯಿನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ."

ಹೊಳೆಯಾಚೆ ದೊಡ್ಡ ಆಸ್ಪತ್ರೆ ಇತ್ತು, ಅವಳ ತವರಿಗೆ ಹೋಗುವ ರೈಲಿನ ಸ್ಟೇಷನ್ನೂ ಅಲ್ಲೇ. ಆದರೆ ಸೇತುವೆ ಅವಳಿಗಿಲ್ಲ, ಬಸ್ಸು ಹತ್ತಿದರೂ ಅದನ್ನೇ ದಾಟಬೇಕು. ಹೊಳೆ ಎರಡು ದಂಡೆ ತುಂಬಿ ಹರಿಯುತ್ತಿತ್ತು, ದೋಣಿಯವರು ದೋಣಿಗಳನ್ನು ಮೇಲಕ್ಕೆಳೆದು ಕವುಚಿ ಹಾಕಿದ್ದರು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಟ್ಟಣದ ಕಚೇರಿಗೆ ಹೊರಟೆ.

ಚುನಾವಣಾ ಸಾಹೇಬರು ಚಹಾ ಕುಡಿಯುತ್ತಿದ್ದರು. ಅವಧಿಗೆ ಮುಂಚೆ ಓಣಿಯ ಚುನಾವಣೆ ನಡೆಸುವುದು ಹೇಗೆ ಎಂದು ಕೇಳಿದೆ.

"ಹಂಗ ನಡಸಾಕ ಬರೂದಿಲ್ರಿ. ಉಪಚುನಾವಣಿ ಅಂತ ಒಂದೈತಿ. ಅದಕ್ಕ ಖುರ್ಚಿ ಖಾಲಿ ಆಗಬೇಕು. ಇದ್ದ ಸದಸ್ಯರು ತೀರಿಕೊಳ್ಳಬೇಕು, ಇಲ್ಲಾ ರಾಜೀನಾಮಿ ಕೊಡಬೇಕು."

"ಸಾಯಾಕ ನನಗ ಈಗ ಪುರಸೊತ್ತಿಲ್ರಿ. ರಾಜೀನಾಮಿದು ಹೆಂಗ ಬರಿಯೂದು ಹೇಳ್ರಿ."

ಸಾಹೇಬರು ಚಹಾದ ಬಸಿ ಕೆಳಗಿಟ್ಟರು. ಉಪಚುನಾವಣೆಯಲ್ಲಿ ಹೊಸದಾಗಿ ಬಂದವರ ಹೆಸರೂ ಸೇರುತ್ತದೆ, ಅದಕ್ಕೆ ಅಡ್ಡಿಯಿಲ್ಲ ಎಂದರು. ರಾಜೀನಾಮೆ ಕೊಟ್ಟವರೇ ಮತ್ತೆ ನಿಲ್ಲಬಹುದು, ಅದಕ್ಕೂ ಅಡ್ಡಿಯಿಲ್ಲ. ಆಮೇಲೆ ಒಂದು ಎಚ್ಚರಿಕೆ ಕೊಟ್ಟರು. "ಅವಿರೋಧ ಮಾತ್ರ ಆಗಬಾರದು ನೋಡ್ರಿ. ಕುಂಬಾರ ಓಣಿ ಕಥಿ ನೆನಪೈತಲ್ಲ?"

ಯಾರಿಗೆ ನೆನಪಿಲ್ಲ? ಕುಂಬಾರ ಓಣಿಯವರು ಒಮ್ಮೆ ಒಗ್ಗಟ್ಟು ತೋರಿಸಲು ಒಬ್ಬರನ್ನೇ ನಿಲ್ಲಿಸಿ, ಅವಿರೋಧವಾಗಿ ಆರಿಸಿ, ಮೆರವಣಿಗೆ ಮಾಡಿದರು. ಮೆರವಣಿಗೆ ಮುಗಿಯುವ ಮೊದಲೇ ಓಣಿ ಕತ್ತಲಾಯಿತು. ಎದುರಾಳಿ ಇಲ್ಲ, ಮತದಾನವಿಲ್ಲ, ಮಸಿಯಿಲ್ಲ. ಮುಂದಿನ ಚುನಾವಣೆಯವರೆಗೆ ಆ ಓಣಿಯವರೆಲ್ಲ ನಮ್ಮ ನಲ್ಲಿಯ ಹತ್ತಿರ ಬಂದು, ನಲ್ಲಿ ಕಾಣದೆ ಹಿಂದಿರುಗಿದರು. ಅಂದಿನಿಂದ ನಮ್ಮೂರಿನ ಪ್ರತಿ ಓಣಿಯಲ್ಲೂ ಎದುರು ನಿಲ್ಲುವುದಕ್ಕೆಂದೇ ಒಬ್ಬರಿರುತ್ತಾರೆ. ನಮ್ಮ ಓಣಿಯಲ್ಲಿ ಅದು ಹಿಟ್ಟಿನ ಗಿರಣಿಯ ಗೌರಕ್ಕ. ನಾನು ನಿಂತಾಗಲೆಲ್ಲ ಅವಳೂ ನಿಲ್ಲುತ್ತಿದ್ದಳು, ಸೋಲುತ್ತಿದ್ದಳು, ಮರುದಿನ ಗಿರಣಿ ಶುರು ಮಾಡುತ್ತಿದ್ದಳು. ಆದ್ದರಿಂದ ಸಾಹೇಬರ ಎಚ್ಚರಿಕೆಗೆ ನಾನು ನಕ್ಕುಬಿಟ್ಟೆ. ಅಲ್ಲೇ ಕೂತು ರಾಜೀನಾಮೆ ಬರೆದುಕೊಟ್ಟೆ.

ಮನೆಯಲ್ಲಿ ಬಸಲಿಂಗ ತಲೆ ತಗ್ಗಿಸಿದ. "ಅವ್ವಾ, ಆ ಖುರ್ಚಿ ಅಂದ್ರ ನಿನಗೇನು ಅನ್ನೋದು ನನಗ ಗೊತ್ತೈತಿ" ಎಂದ. ಕಸ್ತೂರಿ ಗೋಡೆ ಹಿಡಿದು ಎದ್ದು ಬಂದಳು.

"ನನ್ನ ಸಲುವಾಗಿ ಬ್ಯಾಡಾಗಿತ್ರಿ ಅತ್ತಿ. ನೀವು ಸೋತ್ರ ಹೆಂಗ್ರಿ?"

"ನನ್ನ ಸೋಲಸಾಕಿ ಈ ಓಣ್ಯಾಗ ಇನ್ನಾ ಹುಟ್ಟಿಲ್ಲ. ನೀ ಕಾಲು ಮ್ಯಾಲಿಟ್ಟು ಮಲಕೋ ಹೋಗು" ಎಂದೆ. ಹಾಗೆಯೇ ನಂಬಿದ್ದೆ.

ಎರಡು ದಿನ ಗೌರಕ್ಕ ಅರ್ಜಿ ಹಾಕಲಿಲ್ಲ. ಮಳೆಯೆಂದು ತಡ ಮಾಡಿರಬೇಕು ಎಂದುಕೊಂಡೆ. ಮೂರನೆಯ ದಿನ ಜೋಳದ ಬುಟ್ಟಿ ಹೊತ್ತು ನಾನೇ ಗಿರಣಿಗೆ ಹೋದೆ. ಗೌರಕ್ಕ ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಗಿರಣಿಯ ಸದ್ದಿನ ಮೇಲೆ ಕಿರುಚಿ ಮಾತಾಡುವುದು ನಮಗೆಲ್ಲ ರೂಢಿ, ಹಾಗಾಗಿ ಕಿರುಚಿದೆ, "ಅರ್ಜಿ ಹಾಕಲಿಲ್ಲಲ್ಲ, ಯಾವಾಗ ಹಾಕತಿ?"

ಅವಳು ಹೋಗಿ ಗಿರಣಿ ನಿಲ್ಲಿಸಿದಳು. ಕಾಳು ಬೀಸುವ ನಡುವೆ ಅವಳು ಗಿರಣಿ ನಿಲ್ಲಿಸಿದ್ದನ್ನು ನಾನು ನೋಡಿದ್ದೇ ಇಲ್ಲ.

"ಈ ಸಲ ನಾ ನಿಲ್ಲೂದಿಲ್ಲ, ಬಾಳವ್ವ."

"ಚ್ಯಾಷ್ಟಿ ಮಾಡಬ್ಯಾಡ."

"ಚ್ಯಾಷ್ಟಿ ಇಷ್ಟು ವರ್ಷ ನಡೀತು. ಪ್ರತಿ ಸಲ ನಿಂತೆ. ಯಾಕ? ಓಣಿ ಕತ್ತಲಾಗಬಾರದು ಅಂತ. ಮಂದಿ ಬಂದು 'ಗೌರಕ್ಕಾ, ನೀ ನಿಂತಿ ಅಂತ ದೀಪ ಹತ್ತತಾವ ನೋಡು' ಅಂತಾರ. ನಕ್ಕೊಂತ ಹೋಗಿ ನಿನಗ ಹಾಕಿ ಬರತಾರ. ಗೆದ್ರ ನೀ ಏನು ಮಾಡತಿ ಅಂತ ಒಬ್ಬರರ ಕೇಳ್ಯಾರೇನು? ನೀ ಕೇಳೀಯೇನು?"

ನಾನು ಕೇಳಿರಲಿಲ್ಲ. ಬುಟ್ಟಿ ತಲೆಯ ಮೇಲೆಯೇ ಇತ್ತು, ಇಳಿಸುವುದು ಮರೆತಿತ್ತು. ಇಳಿಸಿ ಕೇಳಿದೆ, "ಗೆದ್ರ ಏನು ಮಾಡತಿ?"

"ಇಲ್ಲಿ ಯಾಕ ಕೇಳತಿ? ಕಟ್ಟಿ ಮ್ಯಾಲೆ ಎಲ್ಲಾರ ಮುಂದ ಕೇಳು. ಇಬ್ಬರೂ ನಿಂದ್ರೋಣು. ಮಂದಿ ಕೇಳಲಿ, ನಾವು ಹೇಳೋಣು. ಹಂಗಿದ್ರ ಅರ್ಜಿ ಹಾಕತೀನಿ." ನಾನು ಆಗಲಿ ಎಂದೆ. ಅವಳು ಕೈ ಎತ್ತಿದಳು. "ತಡಿ, ಇನ್ನೊಂದೈತಿ. ಸೊಸಿ ಬಸುರಿನ ಮಾತು ನಿನ್ನ ಬಾಯಾಗ ಬರಬಾರದು. ಆ ಹುಡುಗಿ ಹೊಟ್ಟಿ ತೋರಿಸಿ ನೀ ಮತ ಕೇಳಿದ್ರ ನಾ ಅವತ್ತ ಹಿಂದ ಸರೀತೀನಿ. ಕಣ್ಣೀರಿನ ಎದುರಿಗೆ ಯಾರು ಗೆದ್ದಾರ?"

ನಾನು ಖುರ್ಚಿ ಬಿಟ್ಟದ್ದೇ ಆ ಹುಡುಗಿಗಾಗಿ, ಅದನ್ನು ಹೇಳಬಾರದೆಂದರೆ ಏನು ನ್ಯಾಯ? ಬುಟ್ಟಿ ಎತ್ತಿಕೊಂಡು ಹೊರಬಿದ್ದೆ. ಮೈದುನ ಕಲ್ಲಪ್ಪನನ್ನು ನಿಲ್ಲಿಸೋಣವೆಂದರೆ ಒಂದೇ ಮನೆತನದವರು ಎದುರುಬದುರು ನಿಲ್ಲುವಂತಿಲ್ಲ ಎಂದರು ಸಾಹೇಬರು. ಬಳೆಗಾರ ದಸ್ತಗೀರಸಾಬ ಒಪ್ಪಿಕೊಂಡ, ಸಂಜೆಯೊಳಗೆ ಅವನ ಹೆಂಡತಿ ಬಂದು ನನ್ನನ್ನೇ ಬೈದು ಹೋದಳು. ಉಳಿದವರು "ನಿನ್ನ ಎದುರು ಯಾರು ನಿಲ್ಲತಾರವ್ವಾ" ಎಂದು ನಕ್ಕರು. ಇಷ್ಟು ವರ್ಷ ಆ ಮಾತು ಕೇಳಿದರೆ ನನಗೆ ಹಿಗ್ಗಾಗುತ್ತಿತ್ತು. ಅಂದು ಕೇಳಿ ಕುಂಬಾರ ಓಣಿ ನೆನಪಾಯಿತು.

ಆ ಸಂಜೆ ನಾನು ರೊಟ್ಟಿ ಬಡಿದ ಸದ್ದು ಓಣಿಗೆಲ್ಲ ಕೇಳಿರಬೇಕು. ಕಸ್ತೂರಿ ಒಲೆಯ ಹತ್ತಿರ ಕೂತು ನೋಡುತ್ತಿದ್ದಳು. ಊದಿದ ಕೈಯಿಂದ ಬಳೆ ಕಳಚಲು ಬರದೆ ಬಸಲಿಂಗ ಒಂದೊಂದನ್ನೇ ಒಡೆದು ತೆಗೆದಿದ್ದ. ಬರಿಗೈಯಲ್ಲಿ ಎರಡು ಮಸಿ ಗುರುತು. ಕಿರುಬೆರಳು ಖಾಲಿ. ಆ ಬೆರಳನ್ನು ನೋಡಿ ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕೊಂದು ದಾರಿ ಸಿಕ್ಕಿತು. ಒಲೆ ಆರಿಸಿ ಗಿರಣಿಗೆ ಹೋಗಿ ಬಾಗಿಲು ಬಡಿದೆ. "ಆಗಲಿ. ನಿನ್ನ ಎರಡೂ ಮಾತು ಒಪ್ಪೀನಿ. ನಾಳೆ ಅರ್ಜಿ ಹಾಕು" ಎಂದು ಹೇಳಿ, ಅವಳ ಉತ್ತರಕ್ಕೂ ಕಾಯದೆ ಬಂದೆ.

ಗೌರಕ್ಕ ಅರ್ಜಿ ಹಾಕಿದಳು. ಮುಂದಿನ ಭಾನುವಾರ ಮಳೆ ಹೊಳವಾದ ಹೊತ್ತಿಗೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ನಿಂತೆವು. ನಾನು ಮೊದಲು ಮಾತಾಡಿದೆ. ಹಾಕಿಸಿದ ದೀಪ, ಹಾಸಿಸಿದ ಕಲ್ಲು, ಮೂಲೆಮನೆಯವರ ಜಗಳ ಬಿಡಿಸಿದ್ದು, ಎಲ್ಲ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ ಕಣ್ಣೊರೆಸಿಕೊಂಡು, "ಪಾಪ, ಸೊಸಿ ಸಲುವಾಗಿ ಖುರ್ಚಿ ಬಿಟ್ಟ ಮಹಾತಾಯಿ..." ಎಂದು ಶುರು ಮಾಡಿದಳು. ಜನರ ಮುಖ ಮೆತ್ತಗಾಗುವುದು ನನಗೆ ಕಾಣುತ್ತಿತ್ತು. ಇನ್ನೊಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮಾತು ಅವಳದು, ಲಾಭ ನನ್ನದು. ಗೌರಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಆಯಿ, ಆ ಮಾತು ಇಲ್ಲಿ ಬ್ಯಾಡ. ಕೆಲಸದ ಮಾತಿದ್ರ ಕೇಳು" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ಮುದುಕಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಗೌರಕ್ಕನಿಗೆ ಭಾಷಣ ಬರುವುದಿಲ್ಲ. ಗಿರಣಿಯ ಸದ್ದಿಲ್ಲದಿದ್ದರೂ ಕಿರುಚುತ್ತಲೇ ಎರಡು ಮಾತಾಡಿ ನಿಲ್ಲಿಸಿದಳು. ಜನ ನಕ್ಕರು. ಆಗ ಹಿಂದಿನಿಂದ ಕಸ್ತೂರಿ ಎದ್ದು ನಿಂತಳು. ನಾನು ಅವಳಿಗೆ ಬರಬೇಡ ಎಂದಿದ್ದೆ.

"ಇಬ್ಬರಿಗೂ ಒಂದು ಮಾತು ಕೇಳತೀನ್ರಿ. ನರ್ಸಬಾಯಾರು ಸಂಜೀ ಬಸ್ಸಿಗೆ ಅವರ ಊರಿಗೆ ಹೊಕ್ಕಾರ. ಬಸ್ಸು ಹೋದ ಮ್ಯಾಲೆ ಬ್ಯಾನಿ ಬಂದಾಕಿ ಏನು ಮಾಡಬೇಕ್ರಿ?"

ಹೊಟ್ಟೆ ತೋರಿಸಿ ನಾನು ಕೇಳಬಾರದಿತ್ತು. ಅವಳು ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ನಾನು ಇದ್ದದ್ದನ್ನೇ ಹೇಳಿದೆ. ನರ್ಸಬಾಯಿಗೆ ಕ್ವಾರ್ಟರ್ಸು ಕಟ್ಟಿಸಲು ನಾಡಿನ ಸರ್ಕಾರಕ್ಕೆ ಬರೆದಿದ್ದೇನೆ, ಪಟ್ಟಣದವರಿಗೆ ಬರೆದಿದ್ದೇನೆ, ದೇಶದವರಿಗೂ ಬರೆಯುತ್ತೇನೆ, ಬಿಡುವವಳು ನಾನಲ್ಲ ಎಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಗೌರಕ್ಕನ ಕಡೆ ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಉತ್ತರ ಬೇಕೆಂದು ಅವಳ ಕಡೆ ನೋಡಿದ್ದು.

"ಯಾರಿಗೆ ಯಾಕ ಬರೀಬೇಕು?" ಎಂದಳು ಗೌರಕ್ಕ. "ಗಿರಣಿ ಹಿಂದ ನಂದೊಂದು ಖೋಲಿ ಐತಿ. ಚೀಲ ತಗದು ಮಂಚ ಹಾಕಿದ್ರ ಆತು. ನರ್ಸಬಾಯಿ ಅಲ್ಲೇ ಇರತಾರ. ಅವ್ರನ್ನ ಕೇಳೀನಿ, ಹೂಂ ಅಂದಾರ. ಆದ್ರ ಅವ್ರು ಇಲ್ಲೇ ಇರಬೇಕು ಅಂತ ಹುಕುಂ ಮಾಡಾಕ ಓಣಿ ಸದಸ್ಯರಿಗೆ ಮಾತ್ರ ಬರತೈತಿ."

"ಖೋಲಿ ಐತಿ ಅಂತ ಮೊದಲ ಹೇಳಬಾರದಾಗಿತ್ತೇನು?" ಎಂದು ನಾನು ಕಟ್ಟೆಯ ಮೇಲೆಯೇ ಕೇಳಿಬಿಟ್ಟೆ.

"ಸೋತಾಕಿನ್ನ ಯಾರು ಕೇಳತಾರವ್ವಾ?" ಎಂದಳು. ಯಾರೂ ನಗಲಿಲ್ಲ.

ಮತದಾನದ ದಿನದವರೆಗೆ ನಾನು ಮನೆಮನೆ ಸುತ್ತಿದೆ. ಗೆಲ್ಲಬೇಕೆಂದೇ ಸುತ್ತಿದೆ. ನನ್ನ ಹಿಂದೆಯೇ ಗೌರಕ್ಕ ಬರುತ್ತಿದ್ದಳು, ಕೆಲವು ಮನೆಗಳಲ್ಲಿ ಅವಳು ಮುಂದೆ, ನಾನು ಹಿಂದೆ. ಜನ ಕೂರಿಸಿ ನೀರು ಕೊಟ್ಟು, ಪ್ರಶ್ನೆ ಕೇಳಿ, ಮತ್ತೆ ಪ್ರಶ್ನೆ ಕೇಳಿ ಸುಸ್ತು ಮಾಡಿದರು. ಈ ಮೊದಲು ನನಗೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದ ಮನೆಗಳವು. ವಕೀಲ ಅಡಿವೆಪ್ಪನವರಂತೂ ಬಾಗಿಲಲ್ಲೇ ತಡೆದು, ಚರಂಡಿಯ ಲೆಕ್ಕ ಯಾರ ಪಾಲಿಗೆ ಬರುತ್ತದೆ, ಪಟ್ಟಣದ್ದೋ ಓಣಿಯದ್ದೋ ಎಂದು ವಾದ ಹಚ್ಚಿದರು. ಓಣಿಯದು ಎಂದೆ. "ಹಂಗಾರ ಇಷ್ಟು ದಿನ ನಾ ಬಿದ್ದದ್ದು ಯಾರ ಚರಂಡ್ಯಾಗ?" ಎಂದು ಯೋಚನೆಗೆ ಬಿದ್ದರು. "ನಿಮ್ಮದ ಚರಂಡ್ಯಾಗ್ರಿ ವಕೀಲ್ರ" ಎಂದು ಹೇಳಿ ಮುಂದಿನ ಮನೆಗೆ ನಡೆದೆ.

ಮತದಾನ ವಾಚನಾಲಯದ ಕೋಣೆಯಲ್ಲಿ ನಡೆಯಿತು. ಬಸಲಿಂಗ ಹೆಂಡತಿಯನ್ನು ಕೈಗಾಡಿಯ ಮೇಲೆ ಹಾಸಿಗೆ ಹಾಕಿ ಕೂರಿಸಿ ತಂದ. ನಾನು ಅಭ್ಯರ್ಥಿ, ದೂರ ನಿಲ್ಲಬೇಕಿತ್ತು. ಅವಳು ಒಳಗೆ ಹೋದಳು. ಪರದೆಯ ಹಿಂದೆ ಬಹಳ ಹೊತ್ತು ಇದ್ದಳು ಎಂದು ನನಗೆ ಅನ್ನಿಸಿತು. ಹೊರಗೆ ಬಂದು ಕಿರುಬೆರಳು ಎತ್ತಿ ಹಿಡಿದಳು. ಎರಡು ಹೆಜ್ಜೆ ಇಟ್ಟು, ಚರಂಡಿಯ ಮುಂದೆ ಗಕ್ಕನೆ ನಿಂತುಬಿಟ್ಟಳು.

"ಅತ್ತಿ! ಕಲ್ಲು!" ಎಂದು ಅಲ್ಲಿಂದಲೇ ಕೂಗಿದಳು. "ಇಲ್ಲಿ ಕಲ್ಲು ಹಾಸೇತ್ರಿ! ನೀವು ಹೇಳತಿದ್ರಲ್ಲ, ಇದ ಏನ್ರಿ?"

ಇದೇ ಎಂದೆ. ಅವಳು ಅದರ ಮೇಲೆ ಒಂದು ಕಾಲಿಟ್ಟಳು, ಆಮೇಲೆ ಎರಡನ್ನೂ ಇಟ್ಟಳು, ಆಮೇಲೆ ಸುಮ್ಮನೆ ನಿಂತು ನಗತೊಡಗಿದಳು. ನನಗೆ ಅಳು ಬಂತು. ಆ ಕಲ್ಲು ಹಾಕಿಸಲು ನಾನು ಎಷ್ಟು ಮಂದಿಯ ಜೊತೆ ಜಗಳವಾಡಿದ್ದೆ. ಯಾರೂ ಅದರ ಮೇಲೆ ನಿಂತು ಹಾಗೆ ನಕ್ಕಿರಲಿಲ್ಲ. ಸಾಲಿನ ಕೊನೆಯಲ್ಲಿ, ಬ್ಯಾಟರಿ ಕಂಕುಳಲ್ಲಿಟ್ಟುಕೊಂಡು, ಯಾರೂ ನೋಡದಿರಲಿ ಎನ್ನುವ ಹಾಗೆ ವಕೀಲರು ನಿಂತಿದ್ದರು. ಎಲ್ಲರೂ ನೋಡಿದರು.

ಮರುದಿನ ಎಣಿಕೆಯಾಯಿತು. ನಾನು ಸೋತೆ. ಬಹಳ ಕಡಿಮೆ ಅಂತರ, ಆದರೆ ಸೋಲು ಸೋಲೇ. ಗೌರಕ್ಕನಿಗೆ ಯಾರೋ ಹಾರ ಹಾಕಿದರು, ಅವಳು ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡಳು. ನಾನು ನೆಟ್ಟಗೆ ನಡೆದು ಮನೆಗೆ ಬಂದೆ, ದಾರಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಕಟ್ಟೆ ಖಾಲಿ ಇತ್ತು. ನಾಳೆ ಬೆಳಗ್ಗೆ ಇಲ್ಲಿ ಯಾರೂ ಕೂತಿರುವುದಿಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಕಸ್ತೂರಿ ನಲ್ಲಿಯಿಂದ ತಾನೇ ಒಂದು ತಂಬಿಗೆ ನೀರು ಹಿಡಿದು ತಂದು ನನ್ನ ಮುಂದಿಟ್ಟಳು. ನಾನು ಕುಡಿದೆ.

ಮಾರನೆಯ ಸಂಜೆ, ದೀಪ ಹತ್ತುವ ಹೊತ್ತಿಗೆ ಅವಳಿಗೆ ನೋವು ಶುರುವಾಯಿತು. ಜೊತೆಗೆ ತಲೆನೋವು, ಕಣ್ಣು ಮಂಜಾಗುತ್ತಿದೆ ಎಂದಳು. ಸಂಜೆಯ ಬಸ್ಸು ಹೋದ ಸದ್ದು ನನಗೆ ಆಗಷ್ಟೇ ಕೇಳಿತ್ತು. ಕೈಗಾಡಿಯನ್ನು ಬಸಲಿಂಗ ಎಳೆದ, ನಾನು ಹಿಂದಿನಿಂದ ನೂಕಿದೆ. ಉದ್ದಕ್ಕೂ ದೀಪ. ಗಿರಣಿಯ ಮುಂದೆ ಜೋಳದ ಚೀಲಗಳು ಬೀದಿಯಲ್ಲೇ ಬಿದ್ದಿದ್ದವು. ಗೆದ್ದ ದಿನವೇ ಖೋಲಿ ಖಾಲಿ ಮಾಡಿ ಮಂಚ ಹಾಕಿಸಿದ್ದಳು ಗೌರಕ್ಕ, ಚೀಲ ಎಲ್ಲಿಡುವುದೆಂದು ಮಾತ್ರ ಯೋಚಿಸಿರಲಿಲ್ಲ. ನಾನು ಕೂಗುವ ಮೊದಲೇ ನರ್ಸಬಾಯಿ ತಲೆಗೂದಲು ಗಂಟು ಹಾಕಿಕೊಳ್ಳುತ್ತಾ ಓಡಿ ಬಂದರು. ಆಸ್ಪತ್ರೆಯ ಬಾಗಿಲಲ್ಲಿ ಕಸ್ತೂರಿ ಒಂದು ಕ್ಷಣ ಗೋಡೆ ಮುಟ್ಟಿದಳು. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಗೌರಕ್ಕ ಬಂದು ಪಕ್ಕದಲ್ಲಿ ಕೂತಳು. ಒಳಗೆ ಕಸ್ತೂರಿ ಕೂಗಿದಾಗಲೆಲ್ಲ ನಾನು ಬೆಂಚಿನ ಅಂಚು ಹಿಡಿಯುತ್ತಿದ್ದೆ. ಒಮ್ಮೆ ಹಿಡಿದದ್ದು ಬೆಂಚಲ್ಲ, ಗೌರಕ್ಕನ ಕೈ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಕೊನೆಗೆ ಕೂಸಿನ ಅಳು ಕೇಳಿತು. ನರ್ಸಬಾಯಿ ಬೆವರೊರೆಸಿಕೊಂಡು ಹೊರಬಂದು, "ಹೆಣ್ಣು. ಇಬ್ಬರೂ ಅರಾಮ ಅದಾರ. ಸಲಾಯಿನ್ ಹಚ್ಚೀನಿ. ಇನ್ನಾ ಸ್ವಲ್ಪ ತಡಾ ಆಗಿದ್ರ..." ಎಂದರು.

ಬೆಳಗ್ಗೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕಸ್ತೂರಿಯ ಮಂಚದ ಹತ್ತಿರ ಕೂತಿದ್ದೆ. ಅವಳ ಮುಖದ ಊತ ಇಳಿಯುತ್ತಿತ್ತು.

"ಅತ್ತಿ, ಒಂದು ಮಾತು ಹೇಳಬೇಕ್ರಿ. ನಾ ಗೌರಕ್ಕಗ ಹಾಕೀನಿ."

ನನಗೆ ಗೊತ್ತಿತ್ತು. ಕಟ್ಟೆಯ ಮೇಲೆ ಅವಳು ಎದ್ದು ನಿಂತಾಗಲೇ ಗೊತ್ತಾಗಿತ್ತು. ಆದರೂ ಕಿವಿಯಾರೆ ಕೇಳಿದಾಗ ಚುರ್ ಎಂದಿತು. "ನಾ ಖುರ್ಚಿ ಬಿಟ್ಟದ್ದು ಯಾರ ಸಲುವಾಗಿ?" ಎಂದು ನಾಲಿಗೆಯ ತುದಿಗೆ ಬಂತು. ಕೂಸು ಕೈ ಬಿಚ್ಚಿ ನನ್ನ ಬೆರಳು ಹಿಡಿಯಿತು. ಬಂದ ಮಾತನ್ನು ನುಂಗಿದೆ.

"ಸಿಟ್ಟು ಬಂತೇನ್ರಿ?"

"ಬಂತು. ಬರದ ಇರತೈತೇನು?" ಎಂದೆ. "ಆದ್ರ ನಾ ನಿನಗ ಕೊಡಿಸಿದ್ದು ಮತ. ನನಗ ಹಾಕು ಅಂತ ಕರಾರು ಮಾಡಿ ಕೊಡಿಸಿಲ್ಲ. ಮಲಕೋ."

"ಮುಂದಿನ ಸಲ ನೀವು ನಿಂತ್ರ..." ಎಂದು ಶುರು ಮಾಡಿದಳು.

"ನನಗ ಹಾಕತೀಯೇನು?"

ಸ್ವಲ್ಪ ಯೋಚಿಸಿದಳು. "ಕಟ್ಟಿ ಮ್ಯಾಲೆ ಕೇಳಿ ನೋಡತೀನ್ರಿ" ಎಂದಳು. ನಾನು ಅವಳ ಮುಖ ನೋಡಿದೆ. ನಗುತ್ತಿರಲಿಲ್ಲ. ಎಂಥ ಸೊಸೆಯನ್ನು ತಂದೆನಪ್ಪಾ ಎಂದುಕೊಂಡೆ, ಮತ್ತು ಆ ಕ್ಷಣದಲ್ಲಿ ಅವಳ ಮೇಲೆ ನನಗೆ ಹೊಟ್ಟೆ ತುಂಬ ಪ್ರೀತಿ ಬಂತು.

ಹೊರಗೆ ಬಂದಾಗ ಗೌರಕ್ಕ ಇನ್ನೂ ಬೆಂಚಿನ ಮೇಲೆಯೇ ಇದ್ದಳು. ಅವಳ ಸುತ್ತ ಆಗಲೇ ನಾಲ್ಕಾರು ಮಂದಿ ಸೇರಿ, ದೀಪ, ನಲ್ಲಿ, ಮೋರಿ ಎಂದು ತಲೆ ತಿನ್ನುತ್ತಿದ್ದರು. ಅವಳು ನನ್ನನ್ನು ಕಂಡು ಎದ್ದಳು. ನನ್ನ ಮುಖಕ್ಕಿಂತ ನೆಲವನ್ನೇ ಹೆಚ್ಚು ನೋಡುತ್ತಾ ಕೇಳಿದಳು.

"ಬಾಳವ್ವ, ಮುಂದಿನ ಸಲ ಓಣಿ ಕತ್ತಲಾಗಬಾರದು. ನನ್ನ ಎದುರು ನಿಲ್ಲತೀಯಲ್ಲ?"

"ನಿಲ್ಲತೀನಿ" ಎಂದೆ. "ಆದ್ರ ದೀಪದ ಸಲುವಾಗಿ ಅಲ್ಲ, ಗೆಲ್ಲಾಕ ನಿಲ್ಲತೀನಿ. ಆ ಚೀಲ ಬೀದ್ಯಾಗ ಬಿದ್ದಾವಲ್ಲ, ಸಂಜೀ ಒಳಗ ತಗಸು. ನಾನೀಗ ಎದುರಿನಾಕಿ, ಕಣ್ಣೊಳಗ ಕಣ್ಣಿಟ್ಟು ನೋಡತಿರತೀನಿ."

ಗೌರಕ್ಕನ ಬೆನ್ನು ನೆಟ್ಟಗಾಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಲಗಳ ಕಡೆ ನಡೆದೆ.